ತಟ್ಟೆಯ ಲೇಖವೂ ಸ್ಮೃತಿಯ ಪ್ರತಿಯೂ: ಡಿಸ್ಕ್ ವಿಭಾಗಗಳ ಮಾರ್ಪಾಡನ್ನು ಕಾರ್ಯಾಚರಣ ವ್ಯವಸ್ಥೆಗಳು ಅರಿತುಕೊಂಡ ಬಗೆ

೧

ಗಣಕಯಂತ್ರದ ಡಿಸ್ಕನ್ನು ಹಲವು ವಿಭಾಗಗಳಾಗಿ ಒಡೆದು ಬಳಸುವ ಪದ್ಧತಿ ಇಂದು ಬಹುಮಂದಿಗೆ ಪರಿಚಿತವಾದುದೇ ಆಗಿದೆ. ಆದರೆ ಈ ವಿಭಾಗಗಳ ನಡುವೆ ತಟ್ಟೆಯ ಮೇಲೆ ಗೋಡೆಯಾಗಲಿ ಗೆರೆಯಾಗಲಿ ಇಲ್ಲವೆಂಬುದನ್ನು ನಾವು ಮರೆಯುವುದುಂಟು. ಇಂಥ ಸೆಕ್ಟರಿನಿಂದ ಇಂಥ ಸೆಕ್ಟರಿನವರೆಗೆ ಮೊದಲನೆಯ ವಿಭಾಗ, ಅಲ್ಲಿಂದ ಮುಂದೆ ಎರಡನೆಯದು ಎಂದು ಎಲ್ಲಿಯೋ ಒಂದೆಡೆ ಬರೆದಿಟ್ಟಿರುವ ಪಟ್ಟಿಯೇ ಅವುಗಳ ಅಸ್ತಿತ್ವಕ್ಕೆ ಆಧಾರ. ಹೊಲದ ಎಲ್ಲೆ ಕಲ್ಲಿನಿಂದಲೂ ಬದುವಿನಿಂದಲೂ ತಿಳಿಯುತ್ತದೆ. ಇಲ್ಲಿಯ ಎಲ್ಲೆಗಾದರೋ ಲೇಖವೊಂದೇ ಸಾಕ್ಷಿ.

ಯಂತ್ರವು ಚಾಲನೆಗೊಂಡಾಗ ಕಾರ್ಯಾಚರಣ ವ್ಯವಸ್ಥೆಯು ಈ ಪಟ್ಟಿಯನ್ನು ಓದಿ, ಅದರ ಪ್ರತಿಯೊಂದನ್ನು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ನಡೆಯುವ ಓದುಬರಹವೆಲ್ಲ ಸ್ಮೃತಿಯಲ್ಲಿರುವ ಪ್ರತಿಯನ್ನು ಅನುಸರಿಸಿಯೇ ಹೊರತು ತಟ್ಟೆಯ ಮೇಲಿನ ಮೂಲವನ್ನು ಅನುಸರಿಸಿ ಅಲ್ಲ. ಹೀಗಿರುವಾಗ ಮೂಲವನ್ನು ಯಾರಾದರೂ ತಿದ್ದಿದರೆ ಪ್ರತಿಗೆ ಅದು ತಿಳಿಯುವುದು ಹೇಗೆ? ತಿಳಿಯುವವರೆಗೆ ಎರಡರಲ್ಲಿ ಯಾವುದು ಪ್ರಮಾಣ? ಈ ಪ್ರಶ್ನೆಗೆ ಕಳೆದ ಅರ್ಧ ಶತಮಾನದಲ್ಲಿ ದೊರೆತ ಉತ್ತರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನೊಬ್ಬನು ಇಂಥ ವಿಷಯಕ್ಕೆ ಕೈಹಾಕಿದ್ದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಒಂದು ಸಂಗ್ರಹಾಲಯದಲ್ಲಿ, ಶಾಸನಗಳ ಛಾಯಾಚಿತ್ರಗಳನ್ನಿಟ್ಟಿದ್ದ ಡಿಸ್ಕಿನ ವಿಭಾಗಗಳನ್ನು ಮರುಜೋಡಿಸಬೇಕಾಗಿ ಬಂದಿತು. ಒಂದನೆಯ ವಿಭಾಗದಲ್ಲಿ ಕಾರ್ಯಾಚರಣ ವ್ಯವಸ್ಥೆಯೂ, ಎರಡನೆಯದಾದ ಒಂದು ಸಣ್ಣ ವಿಭಾಗದಲ್ಲಿ ಏನೂ ಇಲ್ಲದೆಯೂ, ಮೂರನೆಯದರಲ್ಲಿ ಛಾಯಾಚಿತ್ರಗಳೂ ಇದ್ದುವು. ಕೊನೆಯಲ್ಲಿ ಖಾಲಿ ಜಾಗವಿತ್ತು. ಬರಿದಾದ ಎರಡನೆಯದನ್ನು ಪಟ್ಟಿಯಿಂದ ತೆಗೆದು, ಛಾಯಾಚಿತ್ರಗಳ ವಿಭಾಗಕ್ಕೆ ಎರಡು ಎಂಬ ಸಂಖ್ಯೆಯನ್ನು ಕೊಟ್ಟು, ಖಾಲಿ ಜಾಗವನ್ನು ಮೂರನೆಯ ವಿಭಾಗವೆಂದು ಬರೆಯಲಾಯಿತು. ಪಟ್ಟಿಯನ್ನು ಬರೆದ ಕ್ರಮವಿಧಿಯು, ಡಿಸ್ಕು ಬಳಕೆಯಲ್ಲಿರುವುದರಿಂದ ವ್ಯವಸ್ಥೆಯು ಇನ್ನೂ ಹಳೆಯ ಪಟ್ಟಿಯನ್ನೇ ಬಳಸುತ್ತಿದೆಯೆಂದೂ, ಹೊಸದು ಮುಂದಿನ ಚಾಲನೆಯಲ್ಲಿ ಜಾರಿಗೆ ಬರುವುದೆಂದೂ ಎಚ್ಚರಿಸಿತು. ಆ ವಾಕ್ಯವನ್ನು ಓದಿಯೂ, ಮುಂದುವರಿಯಬಹುದೆಂದು ಹೇಳಿದವನು ಈ ಲೇಖಕನೇ. ಮೂರನೆಯ ವಿಭಾಗದಲ್ಲಿ ಹೊಸ ಕಡತವ್ಯವಸ್ಥೆಯನ್ನು ರಚಿಸಲು ಆಜ್ಞೆ ಕೊಡಲಾಯಿತು. ಆಗ ಏನಾಯಿತೆಂಬುದು ಮುಂದೆ ತಿಳಿಯುವುದು.

೨

೧೯೫೬ರಲ್ಲಿ ಐಬಿಎಂ ಸಂಸ್ಥೆಯು ತನ್ನ ೩೦೫ ರಾಮಾಕ್ ಯಂತ್ರದೊಡನೆ ಹೊರತಂದ ೩೫೦ ಎಂಬ ಡಿಸ್ಕ್ ಘಟಕದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ವಿಭಾಗಗಳ ಪ್ರಶ್ನೆ ತೀಕ್ಷ್ಣವಾಗಿ ತಲೆದೋರಿದುದು ಡಿಸ್ಕು ಬೆಳೆದು, ಅದನ್ನು ಆಳುವ ವ್ಯವಸ್ಥೆಯ ಎಣಿಕೆಯ ಶಕ್ತಿಯನ್ನು ಮೀರಿದಾಗ. ಯೂನಿಕ್ಸ್ ವ್ಯವಸ್ಥೆಯ ಆರಂಭದ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ.

೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಹುಟ್ಟಿದ ಯೂನಿಕ್ಸ್, ೧೯೭೫ರಲ್ಲಿ ತನ್ನ ಆರನೆಯ ಆವೃತ್ತಿಯನ್ನು ಕಂಡಿತು. ಆ ಕಾಲದ ಆರ್‌ಪಿ೦೩ ಎಂಬ ಡಿಸ್ಕಿನಲ್ಲಿ ೮೧,೨೦೦ ಖಂಡಗಳಿದ್ದುವು. ವ್ಯವಸ್ಥೆಯಾದರೋ ೧೬ ಬಿಟ್ಟುಗಳ ಸಂಖ್ಯೆಯಿಂದ ಖಂಡಗಳನ್ನು ಎಣಿಸುತ್ತಿದ್ದುದರಿಂದ ೬೫,೫೩೬ನ್ನು ದಾಟಿ ಹೋಗಲಾರದಾಗಿತ್ತು. ಆದುದರಿಂದ ಒಂದೇ ಡಿಸ್ಕನ್ನು ಎಂಟು ಹುಸಿ ಡಿಸ್ಕುಗಳೆಂಬಂತೆ ಭಾವಿಸಿ, ಅವುಗಳ ಆರಂಭವನ್ನೂ ಉದ್ದವನ್ನೂ ಡಿಸ್ಕನ್ನು ನಡೆಸುವ ಚಾಲಕಭಾಗದಲ್ಲಿಯೇ ಒಂದು ಕೋಷ್ಟಕವಾಗಿ ಬರೆಯಲಾಯಿತು. ಇವುಗಳಲ್ಲಿ ಕೆಲವು ಒಂದರ ಮೇಲೊಂದು ಹಾಯುತ್ತಿದ್ದುದೂ ಉಂಟು. ಯಾವುವನ್ನು ಬಳಸಬೇಕು, ಯಾವುವನ್ನು ಬಿಡಬೇಕು ಎಂಬ ವಿವೇಕ ಯಂತ್ರವನ್ನು ನೋಡಿಕೊಳ್ಳುವವರ ಪಾಲಿಗೆ ಬಿಟ್ಟದ್ದಾಗಿತ್ತು.

ಈ ಏರ್ಪಾಡಿನಲ್ಲಿ ತಟ್ಟೆಯ ಮೇಲೆ ಯಾವ ಪಟ್ಟಿಯೂ ಇರಲಿಲ್ಲವೆಂಬುದು ಗಮನಾರ್ಹವಾದುದು. ಪಟ್ಟಿಯು ವ್ಯವಸ್ಥೆಯ ಶರೀರದ ಅಂಗವೇ ಆಗಿತ್ತು. ಎಲ್ಲೆಯನ್ನು ಬದಲಿಸಬೇಕಾದರೆ ಚಾಲಕದ ಮೂಲಪಾಠವನ್ನು ತಿದ್ದಿ, ಕರ್ನಲ್ ಎಂಬ ವ್ಯವಸ್ಥೆಯ ಒಳತಿರುಳನ್ನು ಮತ್ತೆ ಸಂಕಲಿಸಿ, ಯಂತ್ರವನ್ನು ಹೊಸದಾಗಿ ಚಾಲನೆಗೊಳಿಸಬೇಕಾಗಿತ್ತು. ಮೂಲ ಮತ್ತು ಪ್ರತಿ ಎಂಬ ಭೇದವೇ ಇಲ್ಲದಿದ್ದುದರಿಂದ ಅವುಗಳ ನಡುವೆ ವಿರೋಧಕ್ಕೂ ಎಡೆಯಿರಲಿಲ್ಲ. ಆದರೆ ಒಂದು ಯಂತ್ರದಿಂದ ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದ ಡಿಸ್ಕು, ತನ್ನ ಎಲ್ಲೆಗಳನ್ನು ತಾನೇ ಹೇಳಲಾರದೆ ಮೂಕವಾಗಿರುತ್ತಿತ್ತು.

೩

ಪಟ್ಟಿಯು ಡಿಸ್ಕಿನ ಮೇಲೆಯೇ ಇರಬೇಕೆಂಬ ಭಾವನೆ ೧೯೮೦ರ ದಶಕದಲ್ಲಿ ಎರಡು ಕಡೆಗಳಲ್ಲಿ ಬೇರೆ ಬೇರೆ ಕಾರಣಗಳಿಂದ ನೆಲೆಗೊಂಡಿತು. ಮೊದಲನೆಯದು ವೈಯಕ್ತಿಕ ಗಣಕಯಂತ್ರಗಳ ಲೋಕ. ೧೯೮೩ರ ಮಾರ್ಚಿಯಲ್ಲಿ ಐಬಿಎಂ ಸಂಸ್ಥೆಯು ೧೦ ಮೆಗಾಬೈಟ್ ಡಿಸ್ಕಿನೊಡನೆ ಪಿಸಿ ಎಕ್ಸ್‌ಟಿ ಯಂತ್ರವನ್ನು ಹೊರತಂದಿತು. ಅದರ ಜೊತೆಯಲ್ಲಿಯೇ ಡಾಸ್ ವ್ಯವಸ್ಥೆಯ ೨.೦ ಆವೃತ್ತಿಯೂ ಬಂದಿತು. ಒಂದೇ ಡಿಸ್ಕಿನಲ್ಲಿ ಹಲವು ಕಾರ್ಯಾಚರಣ ವ್ಯವಸ್ಥೆಗಳು ನೆಲೆಸಲು ಅವಕಾಶವಿರಬೇಕಾದುದರಿಂದ, ಯಾವುದೋ ಒಂದು ವ್ಯವಸ್ಥೆಯ ಒಳಗೆ ಪಟ್ಟಿಯನ್ನು ಅಡಗಿಸುವಂತಿರಲಿಲ್ಲ. ಎಲ್ಲವಕ್ಕೂ ಸಾಮಾನ್ಯವಾದ ಸ್ಥಳವೆಂದರೆ ಡಿಸ್ಕಿನ ಮೊಟ್ಟಮೊದಲ ಸೆಕ್ಟರು. ಅದರ ೫೧೨ ಬೈಟುಗಳಲ್ಲಿ ಮೊದಲ ೪೪೬ ಚಾಲನೆಯ ಆದೇಶಗಳಿಗೂ, ಮುಂದಿನ ೬೪ ಬೈಟುಗಳು ತಲಾ ೧೬ ಬೈಟುಗಳ ನಾಲ್ಕು ದಾಖಲೆಗಳಿಗೂ, ಕೊನೆಯ ಎರಡು ಒಂದು ಗುರುತಿನ ಮುದ್ರೆಗೂ ಮೀಸಲಾದುವು. ಈ ಕಿರುಪಟ್ಟಿ ನಾಲ್ಕು ದಶಕಗಳನ್ನು ದಾಟಿ ಇಂದಿಗೂ ಬಳಕೆಯಲ್ಲಿದೆ.

ಡಾಸ್ ವ್ಯವಸ್ಥೆಯು ಮಾರ್ಪಾಡನ್ನು ಅರಿತುಕೊಳ್ಳುತ್ತಿದ್ದ ರೀತಿ ಅತ್ಯಂತ ಸರಳವಾದುದು. ಚಾಲನೆಯ ವೇಳೆಯಲ್ಲಿ ಪಟ್ಟಿಯನ್ನು ಓದಿ ವಿಭಾಗಗಳಿಗೆ ಅಕ್ಷರಗಳನ್ನು ಹಂಚುವುದು. ಎಫ್‌ಡಿಸ್ಕ್ ಕ್ರಮವಿಧಿಯಿಂದ ಪಟ್ಟಿಯನ್ನು ತಿದ್ದಿದ ಮೇಲೆ ಯಂತ್ರವನ್ನೇ ಮತ್ತೆ ಚಾಲನೆಗೊಳಿಸುವುದು. ಒಬ್ಬನೇ ಬಳಸುವ ಯಂತ್ರದಲ್ಲಿ ಇದು ದೊಡ್ಡ ತೊಡಕಲ್ಲ.

ಎರಡನೆಯದು ಬರ್ಕ್ಲಿಯ ಯೂನಿಕ್ಸ್ ಶಾಖೆ. ೧೯೮೮ರಲ್ಲಿ ಹೊರಬಂದ ೪.೩ಬಿಎಸ್‌ಡಿ-ಟಾಹೋ ಆವೃತ್ತಿಯಲ್ಲಿ ಡಿಸ್ಕಿನ ಮೇಲೆಯೇ ಒಂದು ಲೇಬಲನ್ನು ಬರೆಯುವ ಪದ್ಧತಿ ಬಂದಿತು. ಡಿಸ್ಕಿನ ರಚನೆಯೂ, ಒಂದೊಂದು ಅಕ್ಷರದಿಂದ ಕರೆಯಲ್ಪಡುವ ವಿಭಾಗಗಳ ಆರಂಭ ಮತ್ತು ಉದ್ದವೂ ಅದರಲ್ಲಿ ಅಡಕವಾಗಿದ್ದುವು. ಬರ್ಕ್ಲಿಯ ಯಂತ್ರಗಳು ಅನೇಕರು ಏಕಕಾಲದಲ್ಲಿ ಬಳಸುವಂಥವು. ಒಬ್ಬನು ಎಲ್ಲೆಯನ್ನು ತಿದ್ದಿದನೆಂದು ಎಲ್ಲರ ಕೆಲಸವನ್ನು ನಿಲ್ಲಿಸುವುದು ಯುಕ್ತವಲ್ಲ. ಆದ್ದರಿಂದ, ಸ್ಮೃತಿಯಲ್ಲಿರುವ ಲೇಬಲನ್ನು ಯಂತ್ರವು ನಡೆಯುತ್ತಿರುವಾಗಲೇ ಬದಲಿಸುವಂತೆ ಕರ್ನಲನ್ನು ಕೇಳಿಕೊಳ್ಳುವ ಮಾರ್ಗವನ್ನು ಕಲ್ಪಿಸಲಾಯಿತು. ಆದರೆ ಕರ್ನಲ್ ಆ ಕೋರಿಕೆಯನ್ನು ಕಣ್ಣುಮುಚ್ಚಿ ಒಪ್ಪುತ್ತಿರಲಿಲ್ಲ. ಬಳಕೆಯಲ್ಲಿರುವ ವಿಭಾಗದ ಆರಂಭವನ್ನು ಸರಿಸಿದರೆ, ಅಥವಾ ಅದರ ಉದ್ದವನ್ನು ಕುಗ್ಗಿಸಿದರೆ, ಹೊಸ ಲೇಬಲನ್ನು ತಳ್ಳಿಹಾಕುತ್ತಿತ್ತು. ಉದ್ದವನ್ನು ಹೆಚ್ಚಿಸಿದರೆ ಮಾತ್ರ ಸಮ್ಮತಿಸುತ್ತಿತ್ತು.

ಈ ನಿಯಮದ ಹಿಂದಿರುವ ತರ್ಕ ಮುಂದಿನ ಚರಿತ್ರೆಗೆಲ್ಲ ಬೀಗದಕೈ ಆಗಿರುವುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕಡತವ್ಯವಸ್ಥೆಯು ತನ್ನ ಸ್ಥಾನಗಳನ್ನು ವಿಭಾಗದ ಮೊದಲಿನಿಂದ ಎಣಿಸುತ್ತದೆಯೇ ಹೊರತು ಡಿಸ್ಕಿನ ಮೊದಲಿನಿಂದ ಅಲ್ಲ. ವಿಭಾಗವು ೨೦೪೮ನೆಯ ಸೆಕ್ಟರಿನಲ್ಲಿ ಆರಂಭವಾಗುವುದಾದರೆ, ಅದರೊಳಗಿನ ೧೦೦ನೆಯ ಸೆಕ್ಟರು ಡಿಸ್ಕಿನಲ್ಲಿ ೨೧೪೮ನೆಯದು. ಬರೆಯಬೇಕಾದ ಅಂಶಗಳು ಇನ್ನೂ ಸ್ಮೃತಿಯಲ್ಲಿ ಕಾದಿರುವಾಗ ಆರಂಭವನ್ನು ೪೦೯೬ ಎಂದು ಬದಲಿಸಿದರೆ, ಅವು ೪೧೯೬ನೆಯ ಸೆಕ್ಟರಿಗೆ ಹೋಗಿ ಬೀಳುತ್ತವೆ. ಅಲ್ಲಿದ್ದುದು ಅಳಿಯುತ್ತದೆ, ಇರಬೇಕಾದೆಡೆಯಲ್ಲಿ ಹಳೆಯದೇ ಉಳಿಯುತ್ತದೆ. ಉದ್ದವು ಕುಗ್ಗಿದರೆ ಕೊನೆಯ ಭಾಗದ ಅಂಶಗಳಿಗೆ ನೆಲೆಯೇ ಇಲ್ಲವಾಗುತ್ತದೆ. ಉದ್ದವು ಹೆಚ್ಚಿದರಾದರೋ ಹಿಂದಿನ ಯಾವ ಎಣಿಕೆಯೂ ಸುಳ್ಳಾಗುವುದಿಲ್ಲ. ಹೀಗೆ, ಹಳೆಯದೆಂದು ತೋರುವ ಸ್ಮೃತಿಯ ಪ್ರತಿಯನ್ನು ಕರ್ನಲ್ ಬಿಡದೆ ಹಿಡಿದುಕೊಳ್ಳುವುದು ಜಡತೆಯಿಂದಲ್ಲ, ಆ ಪ್ರತಿಯನ್ನು ನಂಬಿ ನಡೆಯುತ್ತಿರುವ ವ್ಯವಹಾರವನ್ನು ಕಾಪಾಡುವುದಕ್ಕಾಗಿ.

೪

೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಪಿಸಿ ಯಂತ್ರಗಳ ಮೇಲೆ ಹುಟ್ಟಿದುದರಿಂದ ಡಾಸ್ ಕಾಲದ ಪಟ್ಟಿಯನ್ನೇ ಸ್ವೀಕರಿಸಿತು. ಆದರೆ ಯೂನಿಕ್ಸಿನ ಸಂಪ್ರದಾಯದಲ್ಲಿ ಬೆಳೆದುದರಿಂದ ನಡೆಯುತ್ತಿರುವ ಯಂತ್ರದಲ್ಲಿ ಅದನ್ನು ಮತ್ತೆ ಓದುವ ಅಪೇಕ್ಷೆಯೂ ಅದಕ್ಕೆ ಸಹಜವಾಗಿತ್ತು. ಪಟ್ಟಿಯನ್ನು ಮರುಓದಬೇಕೆಂದು ಕರ್ನಲನ್ನು ಕೇಳುವ ಒಂದು ಕೋರಿಕೆ ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ಅದರ ಹೆಸರು ಬಿಎಲ್‌ಕೆಆರ್‌ಆರ್‌ಪಾರ್ಟ್. ಇದರ ಸ್ವಭಾವ ಸರ್ವಸ್ವ ಅಥವಾ ಶೂನ್ಯ ಎಂಬಂಥದು. ಡಿಸ್ಕಿನ ವಿಭಾಗಗಳಲ್ಲಿ ಒಂದೇ ಒಂದು ಬಳಕೆಯಲ್ಲಿದ್ದರೂ, ಬದಲಾವಣೆ ಅದಕ್ಕೆ ಸಂಬಂಧಿಸದಿದ್ದರೂ, ಡಿಸ್ಕು ಕಾರ್ಯನಿರತವೆಂದು ಹೇಳಿ ಕರ್ನಲ್ ಕೋರಿಕೆಯನ್ನು ನಿರಾಕರಿಸುತ್ತದೆ. ವ್ಯವಸ್ಥೆಯೇ ನೆಲೆಸಿರುವ ಡಿಸ್ಕಿನಲ್ಲಿ ಒಂದು ವಿಭಾಗವಾದರೂ ಸದಾ ಬಳಕೆಯಲ್ಲಿರುವುದರಿಂದ, ಅಂಥ ಡಿಸ್ಕಿನ ಮಟ್ಟಿಗೆ ಈ ಮಾರ್ಗ ಮುಚ್ಚಿದಂತೆಯೇ ಆಯಿತು.

೧೯೯೯ರಲ್ಲಿ ಆಂಡ್ರಿಸ್ ಬ್ರೌವರ್ ಎಂಬುವರು ರಚಿಸಿದ ಬಿಎಲ್‌ಕೆಪಿಜಿ ಎಂಬ ಕೋರಿಕೆಯು ಈ ಕಟ್ಟನ್ನು ಸಡಿಲಿಸಿತು. ಇದರ ಮೂಲಕ ವಿಭಾಗಗಳನ್ನು ಒಂದೊಂದಾಗಿ ಕರ್ನಲಿಗೆ ತಿಳಿಸಬಹುದು, ಒಂದೊಂದಾಗಿ ತೆಗೆಸಬಹುದು; ಬಳಕೆಯಲ್ಲಿರುವುದನ್ನು ತೆಗೆಯಲು ಮಾತ್ರ ಅದು ಬಿಡುವುದಿಲ್ಲ. ಇದರಲ್ಲಿ ಇನ್ನೂ ಆಳವಾದ ಒಂದು ಪರಿವರ್ತನೆ ಅಡಗಿದೆ. ಪಟ್ಟಿಯನ್ನು ಓದಿ ಅರ್ಥಮಾಡುವ ಕೆಲಸ ಕರ್ನಲಿನದೇ ಆಗಿರಬೇಕಾಗಿಲ್ಲ. ಹೊರಗಿನ ಕ್ರಮವಿಧಿಯೊಂದು ಯಾವ ಬಗೆಯ ಪಟ್ಟಿಯನ್ನಾದರೂ ಓದಿ, ಇಂಥ ಸಂಖ್ಯೆಯ ವಿಭಾಗ ಇಲ್ಲಿಂದ ಇಷ್ಟು ದೂರ ಎಂದು ವರದಿ ಮಾಡಿದರೆ ಸಾಕು. ಪಾರ್ಟೆಕ್ಸ್ ಎಂಬ ಸಾಧನವೂ, ಗ್ನೂ ಪಾರ್ಟೆಡ್ ಜೊತೆಗೆ ಬರುವ ಪಾರ್ಟ್‌ಪ್ರೋಬ್ ಸಾಧನವೂ ಈ ಮಾರ್ಗದಲ್ಲಿ ನಡೆಯತಕ್ಕವು.

ಆದರೂ ಒಂದು ಕೊರತೆ ಉಳಿಯಿತು. ಬಳಕೆಯಲ್ಲಿರುವ ವಿಭಾಗವನ್ನು ತೆಗೆಯಲಾಗದುದರಿಂದ, ಅದನ್ನು ತೆಗೆದು ದೊಡ್ಡದಾಗಿ ಮತ್ತೆ ಸೇರಿಸುವುದೂ ಸಾಧ್ಯವಿರಲಿಲ್ಲ. ಇರುವಲ್ಲಿಯೇ ಉದ್ದವನ್ನು ಬದಲಿಸುವ ಕೋರಿಕೆ ಲಿನಕ್ಸಿಗೆ ಸೇರಿದುದು ೨೦೧೨ರಲ್ಲಿ. ಬಳಕೆಯಲ್ಲಿರುವ ವಿಭಾಗವು ಬೆಳೆಯಬಹುದೆಂಬ ತತ್ತ್ವವನ್ನು ಬರ್ಕ್ಲಿಯ ಲೇಬಲು ೧೯೮೮ರಲ್ಲಿಯೇ ಒಪ್ಪಿಕೊಂಡಿತ್ತೆಂಬುದನ್ನು ನೆನೆದರೆ, ನಡುವೆ ೨೪ ವರ್ಷಗಳು ಕಳೆದುದು ಕಾಣುತ್ತದೆ. ತಾಂತ್ರಿಕ ವಿಚಾರಗಳು ಒಂದರಿಂದೊಂದು ನೇರವಾಗಿ ಬೆಳೆಯುವುವೆಂಬ ಭಾವನೆ ಎಷ್ಟು ದುರ್ಬಲವೆಂಬುದಕ್ಕೆ ಇದೊಂದು ನಿದರ್ಶನ. ಒಂದು ಶಾಖೆಯಲ್ಲಿ ಪರಿಹಾರವಾದ ಪ್ರಶ್ನೆಯನ್ನು ಇನ್ನೊಂದು ಶಾಖೆಯು, ತನಗೆ ಅದರ ನೋವು ತಟ್ಟುವವರೆಗೆ, ಎತ್ತಿಕೊಳ್ಳಲೇ ಇಲ್ಲ.

೫

ಇಲ್ಲಿಯವರೆಗೆ ಹೇಳಿದುದೆಲ್ಲ ಕೇಳಿದಾಗ ಓದುವ ವ್ಯವಸ್ಥೆ. ಕೇಳದಿದ್ದರೂ ಅರಿತುಕೊಳ್ಳುವ ವ್ಯವಸ್ಥೆಯ ಕಡೆಗೆ ಹೆಜ್ಜೆಯಿಟ್ಟುದು ೨೦೦೦ದ ಆಸುಪಾಸಿನ ವರ್ಷಗಳಲ್ಲಿ. ಯಂತ್ರವು ನಡೆಯುತ್ತಿರುವಾಗಲೇ ಚುಚ್ಚಿ ಕೀಳಬಹುದಾದ ಯುಎಸ್‌ಬಿ ಸಾಧನಗಳು ಹರಡಿದುದೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಡಿಸ್ಕೇ ಬಂದು ಹೋಗುವಾಗ ಮರುಚಾಲನೆಯ ಮಾತು ಹಾಸ್ಯಾಸ್ಪದವಾಗುತ್ತದೆ.

೨೦೦೦ದಲ್ಲಿ ಬಂದ ವಿಂಡೋಸ್ ೨೦೦೦ ವ್ಯವಸ್ಥೆಯಲ್ಲಿ, ಹಿಂದೆ ಮರುಚಾಲನೆಯನ್ನು ಬೇಡುತ್ತಿದ್ದ ಅನೇಕ ಡಿಸ್ಕ್ ಕಾರ್ಯಗಳು ನಡೆಯುತ್ತಿರುವ ಯಂತ್ರದಲ್ಲಿಯೇ ಸಾಧ್ಯವಾದುವು. ಸ್ಮೃತಿಯಲ್ಲಿರುವ ಪಟ್ಟಿಯನ್ನು ರದ್ದುಮಾಡಿ ತಟ್ಟೆಯಿಂದ ಹೊಸದಾಗಿ ಓದಬೇಕೆಂದು ಚಾಲಕಕ್ಕೆ ತಿಳಿಸುವ ಕೋರಿಕೆಯೂ ವಿಂಡೋಸಿನಲ್ಲಿ ರೂಢಿಗೆ ಬಂದಿತು. ೨೦೦೩ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ ೫.೦ ಆವೃತ್ತಿಯಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ರಚಿಸಿದ ಜಿಯೋಮ್ ಎಂಬ ವ್ಯವಸ್ಥೆ ಸೇರಿತು. ಇದರಲ್ಲಿ ಹೊಸ ಡಿಸ್ಕು ಕಾಣಿಸಿಕೊಂಡೊಡನೆ ವಿವಿಧ ಪಟ್ಟಿಗಳನ್ನು ಬಲ್ಲ ಭಾಗಗಳೆಲ್ಲವೂ ಅದರ ರುಚಿ ನೋಡುತ್ತವೆ. ತನ್ನ ಪಟ್ಟಿಯೆಂದು ಗುರುತಿಸಿದ ಭಾಗವು ವಿಭಾಗಗಳನ್ನು ಘೋಷಿಸುತ್ತದೆ. ಬರೆಯುವುದಕ್ಕಾಗಿ ತೆರೆದ ಡಿಸ್ಕನ್ನು ಮುಚ್ಚಿದಾಗ ರುಚಿ ನೋಡುವುದು ಮತ್ತೆ ನಡೆಯುತ್ತದೆ. ಬಳಕೆಯಲ್ಲಿರುವ ವಿಭಾಗಗಳ ಕೆಳಗಿನ ಡಿಸ್ಕನ್ನು ನೇರವಾಗಿ ಬರೆಯಲು ತೆರೆಯುವುದನ್ನೇ ಅದು ಸಾಮಾನ್ಯವಾಗಿ ತಡೆಯುವುದರಿಂದ, ಮೂಲಕ್ಕೂ ಪ್ರತಿಗೂ ಬಿರುಕು ಬೀಳುವ ಸಂದರ್ಭವೇ ವಿರಳವಾಗುತ್ತದೆ.

ಅದೇ ೨೦೦೩ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಲಿನಕ್ಸಿಗಾಗಿ ಯೂಡೆವ್ ಎಂಬುದನ್ನು ಪ್ರಕಟಿಸಿದರು. ವಿಭಾಗವೊಂದು ಹುಟ್ಟಿದಾಗ, ಅಳಿದಾಗ, ಬದಲಾದಾಗ ಕರ್ನಲ್ ಸುದ್ದಿಯನ್ನು ಸಾರುತ್ತದೆ. ಯೂಡೆವ್ ಅದನ್ನು ಕೇಳಿ ತಕ್ಕ ಹೆಸರುಗಳನ್ನು ಏರ್ಪಡಿಸುತ್ತದೆ. ಡಿಸ್ಕನ್ನು ಬರೆಯಲು ತೆರೆದು ಮುಚ್ಚಿದುದನ್ನು ಗಮನಿಸಿ, ತಾನಾಗಿಯೇ ಪಟ್ಟಿಯನ್ನು ಮರುಓದಿಸುವ ಕ್ರಮವೂ ಅನಂತರ ಅದರಲ್ಲಿ ಸೇರಿತು. ವಿಭಾಗವನ್ನು ಸಂಖ್ಯೆಯಿಂದ ಮಾತ್ರವಲ್ಲದೆ ಅದರದೇ ಆದ ಗುರುತಿನಿಂದ ಕರೆಯುವ ರೂಢಿಯೂ ಯೂಡೆವ್ ಮೂಲಕ ಬಲಗೊಂಡಿತು.

೬

ಇದೇ ಅವಧಿಯಲ್ಲಿ ತಟ್ಟೆಯ ಮೇಲಿನ ಲೇಖವೂ ಸುಧಾರಣೆ ಹೊಂದಿತು. ೧೯೮೩ರ ಪಟ್ಟಿಯಲ್ಲಿ ಸೆಕ್ಟರುಗಳನ್ನು ೩೨ ಬಿಟ್ಟುಗಳಿಂದ ಎಣಿಸುತ್ತಿದ್ದುದರಿಂದ, ೫೧೨ ಬೈಟಿನ ಸೆಕ್ಟರುಗಳಲ್ಲಿ ಸುಮಾರು ೨.೨ ಲಕ್ಷಕೋಟಿ ಬೈಟುಗಳೇ ಅದರ ಮಿತಿಯಾಗಿತ್ತು. ಇಂಟೆಲ್ ಸಂಸ್ಥೆಯ ಇಎಫ್‌ಐ ಯೋಜನೆಯ ಅಂಗವಾಗಿ ರೂಪುಗೊಂಡ ಜಿಪಿಟಿ ಎಂಬ ಪಟ್ಟಿಯು ೬೪ ಬಿಟ್ಟುಗಳನ್ನು ಬಳಸಿ ಈ ಮಿತಿಯನ್ನು ದಾಟಿತು. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಸ್ವಾರಸ್ಯವಾದುವು ಅದರ ಬೇರೆ ಮೂರು ಲಕ್ಷಣಗಳು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿಯೂ ಇನ್ನೊಂದು ಅಂತ್ಯದಲ್ಲಿಯೂ ಇರುತ್ತದೆ; ಪಾಠವು ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ತಿಳಿಸುವ ಪರೀಕ್ಷಾಸಂಖ್ಯೆ ಅದರೊಳಗೇ ಇರುತ್ತದೆ; ಪ್ರತಿಯೊಂದು ವಿಭಾಗಕ್ಕೂ ೧೨೮ ಬಿಟ್ಟುಗಳ ವಿಶಿಷ್ಟವಾದ ಗುರುತಿರುತ್ತದೆ. ಪಾಠಾಂತರಗಳನ್ನು ಹೋಲಿಸುವವರು ಬಯಸುವ ಅನುಕೂಲಗಳೇ ಇವು. ಆದರೆ ಮೂಲವು ಎಷ್ಟೇ ಶುದ್ಧವಾಗಿರಲಿ, ಕರ್ನಲಿನ ಸ್ಮೃತಿಯಲ್ಲಿರುವ ಪ್ರತಿ ಅದರಿಂದ ತಾನಾಗಿ ತಿದ್ದಿಕೊಳ್ಳುವುದಿಲ್ಲವೆಂಬುದನ್ನು ಮರೆಯಬಾರದು.

ಬಾಡಿಗೆಯ ಮೇಲೆ ದೊರೆಯುವ ಕಾಲ್ಪನಿಕ ಯಂತ್ರಗಳ ಇಂದಿನ ಕಾಲದಲ್ಲಿ ಡಿಸ್ಕಿನ ಒಟ್ಟು ಗಾತ್ರವೇ ನಡುವೆ ಬೆಳೆಯಬಹುದು. ಆಗ ಸುದ್ದಿಯು ಮೂರು ಮೆಟ್ಟಿಲುಗಳನ್ನು ಏರಬೇಕಾಗುತ್ತದೆ. ಡಿಸ್ಕು ಬೆಳೆದುದು ಕರ್ನಲಿಗೆ ತಿಳಿಯಬೇಕು. ವಿಭಾಗದ ಉದ್ದವು ಪಟ್ಟಿಯಲ್ಲಿಯೂ ಸ್ಮೃತಿಯಲ್ಲಿಯೂ ಹೆಚ್ಚಬೇಕು. ಕಡೆಗೆ ಕಡತವ್ಯವಸ್ಥೆಯು ಹೊಸ ಜಾಗವನ್ನು ತನ್ನದಾಗಿಸಿಕೊಳ್ಳಬೇಕು. ಜಿಪಿಟಿಯಾದರೆ ಅಂತ್ಯದಲ್ಲಿದ್ದ ಎರಡನೆಯ ಪ್ರತಿಯು ಈಗ ನಡುವೆ ಸಿಕ್ಕಿಕೊಳ್ಳುವುದರಿಂದ ಅದನ್ನೂ ಹೊಸ ಅಂತ್ಯಕ್ಕೆ ಸಾಗಿಸಬೇಕು. ಈ ಮೆಟ್ಟಿಲುಗಳಲ್ಲಿ ಒಂದು ತಪ್ಪಿದರೂ ಮೇಲಿನವರಿಗೆ ಜಾಗ ಕಾಣುವುದಿಲ್ಲ.

೭

ಈಗ ಮೊದಲು ಹೇಳಿದ ಘಟನೆಗೆ ಮರಳಬಹುದು. ತಟ್ಟೆಯ ಮೇಲಿನ ಹೊಸ ಪಟ್ಟಿಯ ಪ್ರಕಾರ ಮೂರನೆಯ ವಿಭಾಗವೆಂದರೆ ಖಾಲಿ ಜಾಗ. ಒಂದನೆಯ ವಿಭಾಗದಲ್ಲಿ ವ್ಯವಸ್ಥೆಯೇ ನಡೆಯುತ್ತಿದ್ದುದರಿಂದ ಮರುಓದುವ ಕೋರಿಕೆಯನ್ನು ಕರ್ನಲ್ ನಿರಾಕರಿಸಿತ್ತು. ಅದರ ಸ್ಮೃತಿಯಲ್ಲಿ ಮೂರನೆಯ ವಿಭಾಗವೆಂದರೆ ಇನ್ನೂ ಛಾಯಾಚಿತ್ರಗಳ ನೆಲೆ. ಆಜ್ಞೆಯು ಹೋದುದು ಸ್ಮೃತಿಯ ಪ್ರತಿಯನ್ನು ಅನುಸರಿಸಿ. ವ್ಯವಸ್ಥೆಯು ತಪ್ಪುಮಾಡಲಿಲ್ಲ, ಕ್ರಮವಿಧಿಯೂ ಸುಳ್ಳು ಹೇಳಲಿಲ್ಲ. ಸಂಖ್ಯೆ ಒಂದೇ ಆಗಿದ್ದು ಅದರ ಅರ್ಥ ಎರಡಾಗಿದ್ದುದೇ ಅನರ್ಥಕ್ಕೆ ಕಾರಣ. ಬಹುಭಾಗದ ಚಿತ್ರಗಳಿಗೆ ಬೇರೆಡೆಯಲ್ಲಿ ಪ್ರತಿಗಳಿದ್ದುವು. ಪ್ರತಿಯಿಲ್ಲದೆ ಹೋದುವುಗಳಲ್ಲಿ ಹೊಲವೊಂದರ ಅಂಚಿನಲ್ಲಿದ್ದ ಒಂದು ವೀರಗಲ್ಲಿನ ಚಿತ್ರವಿತ್ತು. ಮತ್ತೆ ಚಿತ್ರ ತೆಗೆಯಲು ಹೋದಾಗ ಆ ಕಲ್ಲು ಅಲ್ಲಿರಲಿಲ್ಲ.

ಅಂದು ವಿಭಾಗವನ್ನು ಸಂಖ್ಯೆಯಿಂದ ಕರೆಯುವ ಬದಲು ಜಿಪಿಟಿಯ ವಿಶಿಷ್ಟ ಗುರುತಿನಿಂದ ಕರೆದಿದ್ದರೆ, ಹೊಸ ವಿಭಾಗದ ಗುರುತು ಕರ್ನಲಿಗೆ ಇನ್ನೂ ಅಪರಿಚಿತವಾದುದರಿಂದ ಆಜ್ಞೆಯು ಸುಮ್ಮನೆ ವಿಫಲವಾಗುತ್ತಿತ್ತು. ಈಚಿನ ಎಫ್‌ಡಿಸ್ಕ್ ಆವೃತ್ತಿಗಳು ಡಿಸ್ಕು ಬಳಕೆಯಲ್ಲಿದ್ದಾಗ ಬದಲಾದ ವಿಭಾಗಗಳನ್ನಷ್ಟೇ ಕರ್ನಲಿಗೆ ತಿಳಿಸುವ ಪ್ರಯತ್ನವನ್ನೂ ಮಾಡುತ್ತವೆ.

ಮೇಲಿನ ವಿವೇಚನೆಯಿಂದ ಈ ಚರಿತ್ರೆಯಲ್ಲಿ ನಾಲ್ಕು ಘಟ್ಟಗಳನ್ನು ಗುರುತಿಸಬಹುದಾಗಿದೆ: ಪಟ್ಟಿಯು ವ್ಯವಸ್ಥೆಯ ಒಳಗೇ ಇದ್ದ ಕಾಲ, ತಟ್ಟೆಯ ಮೇಲೆ ಬರೆದು ಚಾಲನೆಯಲ್ಲಿ ಮಾತ್ರ ಓದಿದ ಕಾಲ, ಕೇಳಿದಾಗ ಷರತ್ತಿನ ಮೇಲೆ ಮರುಓದಿದ ಕಾಲ, ತಾನಾಗಿ ಗಮನಿಸಿ ಸಾರಿದ ಕಾಲ. ಇವು ಒಂದನ್ನೊಂದು ಪೂರ್ತಿಯಾಗಿ ಅಳಿಸದೆ ಒಂದೇ ಯಂತ್ರದಲ್ಲಿ ಪದರ ಪದರವಾಗಿ ಉಳಿದುಕೊಂಡಿವೆ. ಎಲ್ಲ ಘಟ್ಟಗಳಲ್ಲಿಯೂ ಒಂದು ನಿಯಮ ಮಾತ್ರ ಬದಲಾಗಿಲ್ಲ: ಬಳಕೆಯಲ್ಲಿರುವುದನ್ನು ಬಳಸುವವರ ಕಾಲಕೆಳಗಿನಿಂದ ಸರಿಸಬಾರದು. ದಾಖಲೆಯನ್ನು ತಿದ್ದಿದ ಕ್ಷಣವೂ ಅದು ಜಾರಿಗೆ ಬರುವ ಕ್ಷಣವೂ ಬೇರೆ ಬೇರೆಯೆಂಬುದು ಶಾಸನಗಳನ್ನೂ ಕಡತಗಳನ್ನೂ ಓದುವವರಿಗೆ ಹೊಸ ಮಾತಲ್ಲ. ಯಂತ್ರದ ಮುಂದೆ ಕುಳಿತಾಗಲೂ ಅದನ್ನು ನೆನಪಿನಲ್ಲಿಡುವುದು ಒಳ್ಳೆಯದು.